ರಶೀದಿ ಇಲ್ಲದ ಮಾತು

"ಡಿಕ್ಲರೇಶನ್ ಬಂದಾಗ ನಿಮ್ಮ ಅಪ್ಪ ಒಂದು ಮಾತೂ ಆಡದೆ ಬೈಲಿನ ಗದ್ದೆಯನ್ನು ಒಕ್ಕಲಿಗೆ ಬಿಟ್ಟುಕೊಟ್ಟರು." ಚಾವಡಿಯಲ್ಲಿ ಕುಳಿತು ಅಮ್ಮ ಈ ಮಾತನ್ನು ನೂರು ಸಲವಾದರೂ ಹೇಳಿದ್ದಾರು. ಬೆಳ್ತಂಗಡಿ ತಾಲೂಕಿನ ಆ ಮನೆಯಲ್ಲಿ ಬೆಳೆದ ನಾನು ಅದನ್ನು ನಂಬಿಯೇ ದೊಡ್ಡವಳಾದೆ. ಮದುವೆಯಾಗಿ ಮೂಡಬಿದಿರೆಗೆ ಬಂದ ಮೇಲೆ ನಾಲ್ಕು ಜನರೆದುರು ಸ್ವಲ್ಪ ಹೆಮ್ಮೆಯಿಂದಲೇ ಹೇಳಿದ್ದೂ ಉಂಟು.

ನಮ್ಮಲ್ಲೇ ಇದ್ದು ಕಾಲೇಜಿಗೆ ಹೋಗುವ ತಮ್ಮನ ಮಗಳು ಇತಿಹಾಸದ ಪ್ರಾಜೆಕ್ಟಿಗೆ ತನ್ನೂರಿನ ಭೂಸುಧಾರಣೆಯನ್ನೇ ಆರಿಸಿಕೊಂಡಳು. ಒಂದೇ ಆಧಾರವನ್ನು ನೆಚ್ಚಿಕೊಳ್ಳಬಾರದು, ಪುಸ್ತಕ, ದಾಖಲೆ, ಜನರ ಬಾಯಿಮಾತು ಮೂರನ್ನೂ ನೋಡಬೇಕು ಎಂದು ಮೇಷ್ಟ್ರು ಹೇಳಿದ್ದರಂತೆ. ಪುಸ್ತಕ ಸುಲಭವಾಗಿ ಸಿಕ್ಕಿತು. ದೇವರಾಜ ಅರಸರ ಕಾಲದ ತಿದ್ದುಪಡಿ 1974ರ ಮಾರ್ಚ್ 1ರಂದು ಜಾರಿಗೆ ಬಂತು. ಗೇಣಿದಾರರು ಏಳನೇ ನಮೂನೆಯಲ್ಲಿ ಅರ್ಜಿ ಕೊಡಬೇಕಿತ್ತು. ಕೊನೆಯ ದಿನವನ್ನು ಮುಂದೂಡುತ್ತಾ 1979ರ ಜೂನ್ 30ರವರೆಗೆ ತಂದರು. ತೀರ್ಮಾನ ಭೂ ನ್ಯಾಯಮಂಡಳಿಯದು. ಇಷ್ಟನ್ನು ಬರೆಯಲು ಅವಳಿಗೆ ಒಂದು ಸಂಜೆ ಸಾಕಾಯಿತು.

ದಾಖಲೆಗೆ ಮಾತ್ರ ನಾಲ್ಕು ಸಲ ತಾಲೂಕು ಕಚೇರಿಗೆ ಅಲೆದಳು. ಕೊನೆಗೆ ಸಿಕ್ಕಿದ ನಕಲನ್ನು ನನ್ನ ಮುಂದಿಟ್ಟು ಸುಮ್ಮನೆ ಕುಳಿತಳು. ಅದು ಅಪ್ಪನ ತಕರಾರು ಅರ್ಜಿ. "ಇವನು ಗೇಣಿದಾರನಲ್ಲ, ಕೂಲಿಯಾಳು. ಗೇಣಿ ಕೊಟ್ಟ ರಶೀದಿ ಇದ್ದರೆ ತೋರಿಸಲಿ." ಕೆಳಗೆ ನನಗೆ ಚೆನ್ನಾಗಿ ಗೊತ್ತಿರುವ ಆ ಉದ್ದ ಬಾಲದ ಸಹಿ. ಒಕ್ಕಲಿನವರ ಪರವಾಗಿ ಆದೇಶವಾದದ್ದು 1978ರಲ್ಲಿ.

ಮೂರನೆಯ ಆಧಾರ ಆ ಒಕ್ಕಲಿನ ಹೆಂಡತಿ. ಗಂಡ ತೀರಿಕೊಂಡ ಮೇಲೆ ಬಂಟ್ವಾಳದ ಬಿ.ಸಿ.ರೋಡಿನಲ್ಲಿ ಮಗನ ಜೊತೆ ಇದ್ದಾರೆ. ನಾನೂ ಹುಡುಗಿಯ ಜೊತೆ ಹೋದೆ. ಅವರು ತುಳುವಿನಲ್ಲಿ ನಿಧಾನವಾಗಿ ಹೇಳುತ್ತಾ ಹೋದರು. ವರ್ಷ ವರ್ಷವೂ ಮುಡಿ ಕಟ್ಟಿದ ಅಕ್ಕಿಯನ್ನು ನಮ್ಮ ಅಂಗಳಕ್ಕೆ ತಂದು ಹಾಕಿದ್ದು. ಕೇಸು ನಡೆಯುವಾಗ ಧಣಿಗಳ ಮನೆಯ ಕೆಲಸವೂ ತಪ್ಪಿ ಒಲೆ ಉರಿಯದ ದಿನ ನನ್ನ ಅಮ್ಮ ಹಿತ್ತಲ ಬಾಗಿಲಲ್ಲಿ ಕರೆದು ಸೆರಗಿಗೆ ಅಕ್ಕಿ ಹೊಯ್ದದ್ದು. ಆದೇಶ ಯಾವಾಗ ಬಂತೆಂದು ಕೇಳಿದ್ದಕ್ಕೆ, ನೇತ್ರಾವತಿ ಬಂಟ್ವಾಳ ಪೇಟೆಗೆ ನುಗ್ಗಿದ ವರ್ಷ ಎಂದರು. ಆ ನೆರೆ 1974ರದ್ದು.

ಹಾಗಾದರೆ ನಂಬುವುದು ಯಾರನ್ನು? ನೀವೇ ಹೇಳಿ. ಮೊಹರು ಬಿದ್ದ ಕಾಗದವನ್ನೇ ನಂಬಿದರೆ, ಬೈಲಿನ ಗದ್ದೆಗೆ ಒಕ್ಕಲೇ ಇರಲಿಲ್ಲ ಎಂಬ ಅಪ್ಪನ ಮಾತನ್ನೂ ನಂಬಬೇಕಾಗುತ್ತದೆ. ಬಾಯಿಮಾತಿನಲ್ಲಿ ವರ್ಷವೇ ತಪ್ಪಿದೆ. ಆದರೆ ನಾಲ್ಕು ವರ್ಷ ಹಿಂದೆ ಮುಂದೆ ಆದ ಮಾತ್ರಕ್ಕೆ ಆ ಅಕ್ಕಿ ಸುಳ್ಳಾಗುತ್ತದೆಯೆ? ಗದ್ದೆ ಸಿಕ್ಕಿ ಇಷ್ಟು ಕಾಲವಾದ ಮೇಲೆ ಧಣಿಯ ಹೆಂಡತಿಯನ್ನು ಹೊಗಳಿ ಆಕೆಗೆ ಆಗಬೇಕಾದದ್ದೇನೂ ಇಲ್ಲ. ಅದಕ್ಕೇ ಆ ಮಾತಿಗೆ ತೂಕ.

ನಮ್ಮ ವೇಣೂರಿನ ಗೊಮ್ಮಟನನ್ನೇ ನೋಡಿ. ತಿಮ್ಮರಾಜ ಅಜಿಲ 1604ರಲ್ಲಿ ಅದನ್ನು ನಿಲ್ಲಿಸಿದ ಎನ್ನುತ್ತದೆ ಶಾಸನ. ಕಾರ್ಕಳದ ಅರಸ ಅಡ್ಡ ಬಂದಾಗ ಮೂರ್ತಿಯನ್ನು ಫಲ್ಗುಣಿಯ ಮರಳಲ್ಲಿ ಹೂತಿಟ್ಟರು ಎನ್ನುತ್ತದೆ ಊರ ಬಾಯಿ. ವರ್ಷ ಬೇಕಾದರೆ ಕಲ್ಲನ್ನು ಕೇಳಬೇಕು, ಊರಿಗೆ ಏನು ನೆನಪಿದೆ ಎಂದು ತಿಳಿಯಬೇಕಾದರೆ ಬಾಯನ್ನು. ಎರಡನ್ನೂ ಕೇಳುವಾಗ, ಇದನ್ನು ಹೇಳಿದವರು ಯಾರು, ಹೇಳಿ ಅವರಿಗೆ ಉಳಿದದ್ದೇನು, ಕಳೆದದ್ದೇನು ಎಂದೂ ಕೇಳಬೇಕು. ಗದ್ದೆಯಲ್ಲಿ ನೇಜಿ ನೆಟ್ಟ ಆ ಹೆಂಗಸಿನ ಹೆಸರು ಕಡತದ ಒಂದು ಹಾಳೆಯಲ್ಲೂ ಇಲ್ಲ. ಅರ್ಜಿ ಗಂಡನದ್ದು, ತಕರಾರು ಅಪ್ಪನದ್ದು. ಕಾಗದದಲ್ಲಿ ಇಲ್ಲ ಎಂದ ಮಾತ್ರಕ್ಕೆ ಆಕೆ ಗದ್ದೆಗೆ ಇಳಿದೇ ಇಲ್ಲ ಎನ್ನಲಾದೀತೆ?

ಇಷ್ಟೆಲ್ಲ ಈಗ ಹೇಳುತ್ತಿದ್ದೇನೆ. ಆದರೆ ಆ ದಿನ ಹುಡುಗಿ "ಅತ್ತೆ, ಇದನ್ನು ಬರೆಯಲಾ?" ಎಂದು ಕೇಳಿದಾಗ, "ಬಿಡು ಮಾರಾಯ್ತಿ, ಅಜ್ಜಿ ಇನ್ನೂ ಇದ್ದಾರೆ. ನಾಲ್ಕು ಮಾರ್ಕಿಗೆ ಅವರನ್ನು ಯಾಕೆ ನೋಯಿಸ್ತೀ?" ಎಂದಿದ್ದೆ.

"ಬರೆಯದಿದ್ರೆ ಅಜ್ಜಿ ಹೇಳಿದ್ದೇ ಆಧಾರ ಆಗಿ ಉಳೀತದೆ ಅತ್ತೆ. ನಾಳೆ ಇನ್ನೊಬ್ಬಳು ನನ್ನನ್ನು ನಂಬಿ ಅದನ್ನೇ ಬರೀತಾಳೆ" ಎಂದಳು. ನನಗೆ ನಾಚಿಕೆಯಾಯಿತು. ಅಮ್ಮನ ನೋವು ಎಂದು ನಾನು ಹೇಳಿಕೊಂಡದ್ದರಲ್ಲಿ ಅರ್ಧಕ್ಕಿಂತ ಹೆಚ್ಚು ನನ್ನದೇ ಹೆಮ್ಮೆಯಿತ್ತು.

ಹಾಗೆಂದು ಅಜ್ಜಿಗೆ ತಿಳಿಸದೆ ಬರೆಯುವುದೂ ಸರಿಯಲ್ಲ ಎಂದು ಇಬ್ಬರಿಗೂ ಅನಿಸಿತು. ಊರಿಗೆ ಹೋಗಿ, ಬರೆದದ್ದನ್ನು ಅಮ್ಮನ ಮುಂದೆ ಓದಿದಳು: ತಕರಾರು, ಆದೇಶ, ಹಿತ್ತಲ ಬಾಗಿಲ ಅಕ್ಕಿ, ತಪ್ಪಿದ ವರ್ಷ ಎಲ್ಲವನ್ನೂ. ಅಮ್ಮ ಬಹಳ ಹೊತ್ತು ಮಾತಾಡಲಿಲ್ಲ. ಅಪ್ಪನನ್ನು ಸಮರ್ಥಿಸಿಕೊಳ್ಳುತ್ತಾರೆ ಎಂದು ನಾನು ಕಾದೆ.

"ರಶೀದಿ ಪುಸ್ತಕ ನಮ್ಮಲ್ಲಿತ್ತು" ಎಂದರು ಕೊನೆಗೆ. "ಪೆಟ್ಟಿಗೆಯಲ್ಲೇ ಇರ್ತಿತ್ತು. ಒಂದು ಹಾಳೆಯೂ ಹರಿದು ಕೊಟ್ಟದ್ದಿಲ್ಲ. ಅದನ್ನೂ ಬರೆ."

ಹುಡುಗಿ ತಾರೀಕು ಹಾಕಿ, "ಅಜ್ಜಿ ಹೇಳಿದ್ದು" ಎಂದು ಬರೆದುಕೊಂಡಳು. ಹಳೆಯ ಮಾತನ್ನೂ ಅಳಿಸಲಿಲ್ಲ. ಎರಡನ್ನೂ ಒಂದರ ಕೆಳಗೊಂದು ಇಟ್ಟಳು. ಅಮ್ಮ ಆ ದಿನ ಊಟಕ್ಕೆ ತಡವಾಗಿ ಎದ್ದರು. ಆಮೇಲೆ ಅಪ್ಪ ಗದ್ದೆ ಬಿಟ್ಟುಕೊಟ್ಟ ಕಥೆಯನ್ನು ಅವರೂ ಹೇಳಿಲ್ಲ, ನಾನೂ ಹೇಳಿಲ್ಲ.