ಹದ

ಋತು ಮರಳಿ ಬರುತ್ತದೆ, ವಯಸ್ಸು ಮರಳಿ ಬರುವುದಿಲ್ಲ. ಈ ಮಾತನ್ನು ಒಂದಲ್ಲ ಒಂದು ರೂಪದಲ್ಲಿ ಕೇಳಿಯೇ ನಾವೆಲ್ಲ ಬೆಳೆದಿದ್ದೇವೆ. ಬೇಂದ್ರೆಯವರ ‘ಯುಗಾದಿ’ ಕವಿತೆಯನ್ನು ಶಾಲೆಯಲ್ಲಿ ಬಾಯಿಪಾಠ ಮಾಡಿದವರಿಗೆ ಅದರೊಳಗಿನ ತಕರಾರೂ ಗೊತ್ತು. ಧಾರವಾಡದಲ್ಲಿ ಪದವಿಯ ಕೊನೆಯ ವರ್ಷ ಓದುತ್ತಿರುವ ನನಗೆ ಈಗ 21. ‘ಈ ವಯಸ್ಸು ಮತ್ತ ಬರೂದಿಲ್ಲ’ ಎಂಬ ಮಾತು ಈ ವರ್ಷ ಎಷ್ಟು ಸಲ ಕಿವಿಗೆ ಬಿತ್ತೋ ಲೆಕ್ಕವಿಲ್ಲ. ಹಾಸ್ಟೆಲಿನ ಗೆಳತಿಯರು ಹೇಳಿದರೆ ಅದರ ಅರ್ಥ, ಗೋಕರ್ಣಕ್ಕೆ ಹೋಗೋಣ ಬಾ ಎಂದು. ಮೇಷ್ಟ್ರು ಹೇಳಿದರೆ, ಪುಸ್ತಕ ಹಿಡಿ ಎಂದು. ಊರಿನ ಹಿರಿಯರು ಹೇಳಿದರೆ, ಒಳ್ಳೆಯ ಮನೆತನ ಬಂದಾಗ ಹೂಂ ಅನ್ನು ಎಂದು. ಒಂದೇ ಮಾತು ಮೂರು ದಿಕ್ಕಿಗೆ ಎಳೆಯುತ್ತದೆ ಎಂದರೆ ಆ ಮಾತಿನಲ್ಲೇ ಏನೋ ಐಬಿರಬೇಕು.

ಮೊದಲು, ಋತು ಮರಳಿ ಬರುತ್ತದೆ ಎಂಬುದನ್ನೇ ನೋಡೋಣ. ಮಕರ ಸಂಕ್ರಾಂತಿಯನ್ನು ನಾವು ಉತ್ತರಾಯಣದ ಆರಂಭವೆಂದು ಆಚರಿಸುತ್ತೇವೆ. ಸೂರ್ಯ ನಿಜಕ್ಕೂ ಉತ್ತರಕ್ಕೆ ಹೊರಳುವುದು ಡಿಸೆಂಬರ್ 21 ಅಥವಾ 22ಕ್ಕೆ. ಹಬ್ಬ ಬರುವುದು ಜನವರಿ 14 ಅಥವಾ 15ಕ್ಕೆ. ಸುಮಾರು 1700 ವರ್ಷಗಳ ಹಿಂದೆ ಇವೆರಡೂ ಒಂದೇ ಹೊತ್ತಿಗೆ ಬೀಳುತ್ತಿದ್ದವು. ಭೂಮಿಯ ಅಕ್ಷ ಬುಗುರಿಯ ಹಾಗೆ ನಿಧಾನವಾಗಿ ಓಲಾಡುವುದರಿಂದ, ನಕ್ಷತ್ರ ನೋಡಿ ಎಣಿಸುವ ವರ್ಷಕ್ಕೂ ಋತು ನೋಡಿ ಎಣಿಸುವ ವರ್ಷಕ್ಕೂ ಸುಮಾರು 20 ನಿಮಿಷದ ವ್ಯತ್ಯಾಸ ಬೀಳುತ್ತದೆ. ಅದು ಕೂಡುತ್ತ ಹೋಗಿ ಸುಮಾರು 70 ವರ್ಷಕ್ಕೆ ಒಂದು ದಿನವಾಗುತ್ತದೆ. ಒಬ್ಬ ಮನುಷ್ಯ ತುಂಬು ಬಾಳು ಬಾಳುವಷ್ಟರಲ್ಲಿ ಋತು ಪಂಚಾಂಗದಿಂದ ಒಂದು ದಿನ ಜಾರಿರುತ್ತದೆ. ತಪ್ಪದೆ ಮರಳಿ ಬರುವುದು ಹಬ್ಬದ ಹೆಸರು ಮಾತ್ರ. ಋತು ಪ್ರತಿ ಸಲವೂ ಹೊಸದೇ.

ಹೆಸರು ಬೇರೆ, ಋತು ಬೇರೆ ಎಂಬುದು ಖಗೋಳಶಾಸ್ತ್ರ ಓದದ ನಮ್ಮೂರಿನ ರೈತರಿಗೂ ಗೊತ್ತು. ಗದಗ ಜಿಲ್ಲೆಯ ರೋಣ ತಾಲ್ಲೂಕಿನ ಎರೆಹೊಲಗಳ ಊರು ನಮ್ಮದು. ಅಲ್ಲಿ ಮಳೆಗಳಿಗೆ ನಕ್ಷತ್ರದ ಹೆಸರು, ಒಂದೊಂದಕ್ಕೆ 13-14 ದಿನದ ಅವಧಿ. ಹಿಂಗಾರಿ ಜೋಳಕ್ಕೆ ಉತ್ತರಿ, ಹಸ್ತ ಮಳೆಗಳು ಮುಖ್ಯ. ಆದರೆ ಉತ್ತರಿ ಮಳೆ ಕೂಡಿತೆಂದು ಯಾರೂ ಕಣ್ಣುಮುಚ್ಚಿ ಕೂರಿಗೆ ಹೂಡುವುದಿಲ್ಲ. ಅಪ್ಪ ಹೊಲಕ್ಕೆ ಹೋಗಿ ಒಂದು ಹಿಡಿ ಮಣ್ಣು ತೆಗೆದು ಮುಷ್ಟಿಯಲ್ಲಿ ಒತ್ತಿ ನೋಡುತ್ತಾನೆ. ಅಂಗೈಗೆ ಅಂಟಿದರೆ ಹಸಿ ಹೆಚ್ಚು, ಪುಡಿಪುಡಿಯಾಗಿ ಉದುರಿದರೆ ಹಸಿ ಕಮ್ಮಿ. ಉಂಡೆಯಾಗಿ ನಿಂತು, ಬೆರಳು ತಾಕಿದರೆ ಒಡೆಯುವಂತಿದ್ದರೆ ಹದ ಬಂತು. ಪಂಚಾಂಗ ಬಿತ್ತನೆಯ ದಿನಗಳನ್ನು ತೋರಿಸುತ್ತದೆ, ದಿನವನ್ನು ಆರಿಸುವುದು ಮಣ್ಣೇ.

ಇಷ್ಟು ಜಾಣತನ ಹೊಲದ ವಿಷಯದಲ್ಲಿ ಇರುವವರು ಮನುಷ್ಯರ ವಿಷಯಕ್ಕೆ ಬಂದರೆ ಏಕೆ ಬರೀ ಪಂಚಾಂಗ ನೋಡುತ್ತಾರೆ? ನನ್ನ ಪ್ರಶ್ನೆ ಇದು. ನಮ್ಮ ಮನೆಯಲ್ಲಿ 21 ತುಂಬಿದ ನನಗೆ ‘ವಯಸ್ಸಾತು’, 24ರ ಅಣ್ಣ ‘ಇನ್ನೂ ಸಣ್ಣಾಂವ’. ಒಂದೇ ಮಳೆ ಎರಡು ಹೊಲಕ್ಕೆ ಬೇರೆ ಬೇರೆ ತೂಕದಲ್ಲಿ ಬಿದ್ದ ಹಾಗೆ. ಎಂ.ಎ. ಮಾಡಬೇಕೆಂದು ನಾನು ಹೇಳಿದಾಗ ಅವ್ವ ಕೇಳಿದ್ದು, ‘ಅದು ಮುಗಿಯೂದರಾಗ ನಿನಗ ಎಷ್ಟಾಗತೈತಿ?’ ಎಂದು. ನಾನು ಏನು ಓದಬೇಕೆಂದಿದ್ದೇನೆ, ನನ್ನೊಳಗೆ ಏನು ತಯಾರಾಗಿದೆ ಎಂಬುದಕ್ಕಿಂತ ಮೊದಲು ಬಂದದ್ದು ಸಂಖ್ಯೆ.

ಸಂಖ್ಯೆ ಬೇಡವೇ ಬೇಡ ಎನ್ನುವುದೂ ಸರಿಯಲ್ಲ. ಬಾಲ್ಯವಿವಾಹ ನಿಷೇಧದ 2006ರ ಕಾಯ್ದೆ ಮದುವೆಗೆ ಹುಡುಗಿಗೆ 18, ಹುಡುಗನಿಗೆ 21 ತುಂಬಿರಬೇಕೆನ್ನುತ್ತದೆ. ಕಾನೂನು ಪ್ರತಿಯೊಬ್ಬರ ಮಣ್ಣನ್ನೂ ಹಿಡಿದು ನೋಡಲಾರದು, ಅದಕ್ಕೆ ಒಂದು ಸಂಖ್ಯೆ ಬೇಕೇಬೇಕು. ಆದರೆ ಅದು ಬೇಲಿ. ಇದಕ್ಕಿಂತ ಮುಂಚೆ ಬೇಡ ಎಂದಷ್ಟೇ ಅದು ಹೇಳುತ್ತದೆ. ಬೇಲಿ ದಾಟಿದ ಮರುಕ್ಷಣ ಬಿತ್ತಲೇಬೇಕು ಎಂದು ಯಾವ ಕಾಯ್ದೆಯೂ ಹೇಳಿಲ್ಲ. ಹಾಗೆ ಹೇಳುವವರು ನಾವೇ. ಈ ನ್ಯಾಯ ಎಲ್ಲ ವಯಸ್ಸಿಗೂ ಸಲ್ಲಬೇಕು. ಅರವತ್ತು ತುಂಬಿದವರಿಗೆ ‘ಇನ್ನ ಕುಂತು ಉಣ್ರಿ’ ಎನ್ನುವುದು ಪ್ರೀತಿಯಿಂದಲೇ ಇರಬಹುದು, ಅದೂ ಪಂಚಾಂಗದ ತೀರ್ಪೇ. ಆ ಕೈಗಳಲ್ಲಿ ಇನ್ನೂ ಏನಿದೆ ಎಂದು ಯಾರೂ ಹಿಡಿದು ನೋಡಿರುವುದಿಲ್ಲ.

ಹಾಗಾದರೆ ಹದ ಬರುವ ತನಕ ಎಷ್ಟು ದಿನ ಬೇಕಾದರೂ ಕಾಯಬಹುದೇ? ಇಲ್ಲ. ಹದ ನಿಲ್ಲುವಂಥದ್ದಲ್ಲ. ಎರಡು ದಿನ ಬಿಸಿಲು ಚುರುಕಾದರೆ ಮೇಲಿನ ಹಸಿ ಕೆಳಗಿಳಿಯುತ್ತದೆ, ಆಮೇಲೆ ಹಾಕಿದ ಬೀಜ ಏಳುವುದಿಲ್ಲ. ‘ಇನ್ನೂ ಹದ ಬಂದಿಲ್ಲ’ ಎಂಬುದು ಅಂಜಿಕೆಯ ನೆಪವೂ ಆಗಬಹುದು. ನನ್ನ ವಯಸ್ಸನ್ನು ಸಂಖ್ಯೆಯಿಂದ ಅಳೆಯಬೇಡಿ ಎಂದು ಕೇಳುವ ಹಕ್ಕು ನನಗಿದ್ದರೆ, ನನ್ನ ಹದವನ್ನು ನಾನೇ ಪ್ರಾಮಾಣಿಕವಾಗಿ ನೋಡಿಕೊಳ್ಳುವ ಹೊಣೆಯೂ ನನ್ನದೇ. ದೊಡ್ಡವಳಾಗುವುದು ಎಂದರೆ ಬಹುಶಃ ಈ ಹೊಣೆ ಬೇರೆಯವರ ಕೈಯಿಂದ ನಮ್ಮ ಕೈಗೆ ಬರುವುದು.

ಮರಳಿ ಬಾರದ ವಯಸ್ಸಿನ ಬಗ್ಗೆ ಇದ್ದ ದುಗುಡವನ್ನು ಕಡಿಮೆ ಮಾಡಿದ್ದೂ ಹಿಂಗಾರಿ ಜೋಳವೇ. ಧಾರವಾಡದಲ್ಲಿ ಜೂನ್, ಜುಲೈ ತುಂಬ ಜಿಟಿಜಿಟಿ ಮಳೆ. ನಮ್ಮೂರಲ್ಲಿ ಅಷ್ಟು ಮಳೆ ಎಂದೂ ಇಲ್ಲ. ಆದರೂ ಡಿಸೆಂಬರ್ ಹೊತ್ತಿಗೆ ಎರೆಹೊಲದಲ್ಲಿ ಜೋಳ ಎದೆಯೆತ್ತರ ನಿಂತಿರುತ್ತದೆ. ಮಳೆ ಹೋಗಿ ಎಷ್ಟೋ ದಿನವಾಗಿರುತ್ತದೆ. ಎರೆಮಣ್ಣು ತನ್ನೊಳಗೆ ಹಿಡಿದಿಟ್ಟುಕೊಂಡ ಹಸಿಯಲ್ಲೇ, ಚಳಿಯಲ್ಲಿ ಆ ಬೆಳೆ ತೆನೆಗಟ್ಟುತ್ತದೆ. ಅದಕ್ಕೆ ಮಳೆ ಮರಳಿ ಬರಬೇಕಾಗಿಲ್ಲ, ಬಿದ್ದದ್ದು ಇಂಗಿದ್ದರೆ ಸಾಕು. ಮೂರು ವರ್ಷದ ಕಾಲೇಜು ಮುಗಿಯುತ್ತಿದೆ, ಆ ದಿನಗಳು ಮತ್ತೆ ಬರುವುದಿಲ್ಲ, ನಿಜ. ಬರಬೇಕೆಂಬ ಹಟವೂ ಈಗ ನನಗಿಲ್ಲ. ಎಷ್ಟು ಹರಿದುಹೋಯಿತು, ಎಷ್ಟು ಇಂಗಿತು ಎಂಬುದಷ್ಟೇ ನನ್ನ ಲೆಕ್ಕ.

ಎಳ್ಳ ಅಮಾವಾಸ್ಯೆಗೆ ಊರಲ್ಲಿ ಎಲ್ಲರೂ ಬುತ್ತಿ ಕಟ್ಟಿಕೊಂಡು ಹೊಲಕ್ಕೆ ಹೋಗುತ್ತಾರೆ, ನಿಂತ ಬೆಳೆಗೆ ಚರಗ ಚೆಲ್ಲುತ್ತಾರೆ. ಈ ಸಲ ನಾನೂ ಹೋಗುತ್ತೇನೆ. ಊಟ ಮುಗಿದ ಮೇಲೆ ಅಪ್ಪನ ಹತ್ತಿರ ಎಂ.ಎ. ಮಾತು ಎತ್ತಬೇಕೆಂದಿದ್ದೇನೆ. ಒಪ್ಪುತ್ತಾನೋ ಇಲ್ಲವೋ ಹೇಳಲಾರೆ. ಆದರೆ ಮಣ್ಣು ಹಿಡಿದು ನೋಡದೆ ಒಂದು ಕಾಳೂ ಬಿತ್ತದ ಮನುಷ್ಯ ಅವನು. ಮಗಳ ಮಾತನ್ನೂ ಹಾಗೇ ಹಿಡಿದು ನೋಡು ಎಂದು ಕೇಳಲು ಅದಕ್ಕಿಂತ ಒಳ್ಳೆಯ ಜಾಗ ನನಗೆ ತೋಚುತ್ತಿಲ್ಲ.