“ಏನು ಕಾಣುತ್ತಿದೆ?”



ಇಂದು ರಾತ್ರಿ ದೀಪ ಆರಿಸಿದ ಮೇಲೆ ನಿಮ್ಮ ಮಗುವನ್ನು ಕೇಳಿ: “ಕಣ್ಣು ತೆರೆದೇ ಇದೆಯಲ್ಲ, ಮತ್ತೇಕೆ ಏನೂ ಕಾಣುವುದಿಲ್ಲ?” ಉತ್ತರ ಹೇಳಲು ನಾವೂ ತಡವರಿಸುತ್ತೇವೆ. ಕಣ್ಣಿನಿಂದ ಏನೋ ಹೊರಟು ವಸ್ತುವನ್ನು ಮುಟ್ಟುತ್ತದೆ ಎಂಬಂತೆ ನಮ್ಮ ಮಾತಿದೆ. ‘ಕಣ್ಣು ಹಾಯಿಸು’ ಎನ್ನುತ್ತೇವೆ, ‘ದೃಷ್ಟಿ ತಾಗಿತು’ ಎನ್ನುತ್ತೇವೆ. ಯೂಕ್ಲಿಡನಂಥ ಜ್ಞಾನಿಯೂ ಕಣ್ಣೇ ಕಿರಣ ಬೀರುತ್ತದೆಂದು ನಂಬಿದ್ದನು. ಅರಿಸ್ಟಾಟಲ್ ಮಾತ್ರ ಇದನ್ನು ಒಪ್ಪಲಿಲ್ಲ. 11ನೆಯ ಶತಮಾನದಲ್ಲಿ ಕೈರೋದಲ್ಲಿದ್ದ ಮುಸಲ್ಮಾನ ವಿದ್ವಾಂಸ ಇಬ್ನ್ ಅಲ್-ಹೈಥಮ್, ಪ್ರಖರ ಬೆಳಕನ್ನು ನೋಡಿದರೆ ಕಣ್ಣು ನೋಯುತ್ತದೆಂಬ ಸರಳ ಸಂಗತಿಯನ್ನು ಹಿಡಿದು, ಬೆಳಕು ಹೊರಗಿನಿಂದ ಒಳಕ್ಕೆ ಬರುತ್ತದೆಂದು ವಾದಿಸಿದರು.

ಸೂರ್ಯನ ಬೆಳಕು ಸುಮಾರು 8 ನಿಮಿಷ 20 ಸೆಕೆಂಡುಗಳಲ್ಲಿ ನಮ್ಮ ಅಂಗಳಕ್ಕೆ ತಲಪುತ್ತದೆ. ಹಲಸಿನ ಎಲೆಯ ಮೇಲೆ ಬಿದ್ದು, ಅಲ್ಲಿಂದ ಚದುರಿ, ಪಾಪೆಯ ಮೂಲಕ ಒಳಹೊಕ್ಕು, ಕಣ್ಣಿನ ಹಿಂಬದಿಯ ಅಕ್ಷಿಪಟಲದ ಮೇಲೆ ಚಿತ್ರವಾಗುತ್ತದೆ. ಆ ಚಿತ್ರ ತಲೆಕೆಳಗು! 1604ರಲ್ಲಿ ಕೆಪ್ಲರ್ ಇದನ್ನು ವಿವರಿಸಿದನು. ಅದನ್ನು ನೋಟವನ್ನಾಗಿ ಮಾಡುವುದು ಮಿದುಳು. ಎಳೆಯ ಮಗುವಿನ ಮಿದುಳು ಈ ಕೆಲಸವನ್ನು ವರ್ಷಗಟ್ಟಲೆ ಕಲಿಯುತ್ತದೆ.

ಬೆತ್ಸಾಯಿದದ ಕುರುಡನು ನಿಮಗೆ ನೆನಪಿರಬಹುದು (ಸಂತ ಮಾರ್ಕರ ಶುಭಸಂದೇಶ, 8ನೆಯ ಅಧ್ಯಾಯ). ಯೇಸುಸ್ವಾಮಿ ಮುಟ್ಟಿದ ಮೇಲೂ ಅವನಿಗೆ ಜನರು ನಡೆದಾಡುವ ಮರಗಳಂತೆ ಕಂಡರು. ಪ್ರಭು ಬೇಸರಿಸಲಿಲ್ಲ, ಎರಡನೆಯ ಸಲ ಕೈಯಿಟ್ಟರು. ಅದಕ್ಕೂ ಮುಂಚೆ ಏನಾದರೂ ಕಾಣುತ್ತಿದೆಯೇ ಎಂದು ಅವನನ್ನೇ ಕೇಳಿದರು. ನನ್ನನ್ನು ತಡೆದು ನಿಲ್ಲಿಸುವುದು ಈ ವಿಚಾರಣೆಯೇ.

ನಾವು ನಮ್ಮ ಮಕ್ಕಳನ್ನು ಹಾಗೆ ಕೇಳುತ್ತೇವೆಯೇ? ಪುಸ್ತಕವನ್ನು ಮೂಗಿಗೆ ತಾಗಿಸಿ ಓದುವವನಿಗೆ, ಕಪ್ಪು ಹಲಗೆಯ ಲೆಕ್ಕವನ್ನು ತಪ್ಪಾಗಿ ಬರೆದುಕೊಳ್ಳುವವನಿಗೆ ‘ದಡ್ಡ’ ಎಂಬ ಹೆಸರು ಬೇಗ ಅಂಟುತ್ತದೆ. ಮಬ್ಬಾಗಿ ಕಾಣುವ ಮಗು ದೂರು ಹೇಳುವುದಿಲ್ಲ. ಲೋಕ ಇರುವುದೇ ಹಾಗೆ ಎಂದುಕೊಂಡಿರುತ್ತದೆ. ಕೆಲವು ಮಕ್ಕಳಲ್ಲಿ ಮಿದುಳು ಒಂದು ಕಣ್ಣಿನ ಚಿತ್ರವನ್ನು ಅಲಕ್ಷಿಸಿಬಿಡುತ್ತದೆ. ಇದು ‘ಸೋಮಾರಿ ಕಣ್ಣು’. ಇನ್ನೊಂದು ಕಣ್ಣು ಚೆನ್ನಾಗಿರುವುದರಿಂದ ಮನೆಯವರಿಗೆ ತಿಳಿಯುವುದೇ ಇಲ್ಲ. ಕನ್ನಡಕದಿಂದ, ಒಳ್ಳೆಯ ಕಣ್ಣಿಗೆ ಪಟ್ಟಿ ಕಟ್ಟುವುದರಿಂದ ಇದನ್ನು ಸರಿಪಡಿಸಬಹುದು. ಆದರೆ ಏಳು ವರ್ಷದೊಳಗೆ ಸಿಗುವಷ್ಟು ಫಲ ಆಮೇಲೆ ಸಿಗುವುದು ಕಷ್ಟ.

“ಹೆಣ್ಣು ಮಗು ಫಾದರ್, ಈಗಲೇ ಕನ್ನಡಕ ಹಾಕಿಸಿದರೆ ನಾಳೆ ಸಂಬಂಧ ಕೂಡುವುದು ಹೇಗೆ?” ಎನ್ನುವ ತಾಯಂದಿರಿದ್ದಾರೆ. ಅವರ ಭಯ ನನಗೆ ತಿಳಿಯುತ್ತದೆ. ಆದರೆ ಇಪ್ಪತ್ತು ವರ್ಷ ಆಚೆಗಿನ ವರನಿಗಾಗಿ ಇಂದಿನ ಮಗುವಿನ ಕಣ್ಣನ್ನು ಬಲಿಕೊಡುವುದನ್ನು ಒಪ್ಪಲಾರೆ.

ಗೋಡೆಯ ಮೇಲಿನ ಕ್ಯಾಲೆಂಡರಿನಿಂದ ಹತ್ತು ಹೆಜ್ಜೆ ದೂರದಲ್ಲಿ ಮಗುವನ್ನು ನಿಲ್ಲಿಸಿ. ಅಂಗೈಯಿಂದ ಒಂದು ಕಣ್ಣು ಮುಚ್ಚಿಸಿ ಅಂಕಿಗಳನ್ನು ಓದಿಸಿ. ನಂತರ ಇನ್ನೊಂದನ್ನು ಮುಚ್ಚಿಸಿ. ಎರಡರ ನಡುವೆ ವ್ಯತ್ಯಾಸ ಕಂಡರೆ ಪರೀಕ್ಷೆ ಮುಗಿಯಲಿ, ಹಬ್ಬ ಕಳೆಯಲಿ ಎನ್ನದೆ ಕಣ್ಣಿನ ಡಾಕ್ಟರರ ಬಳಿಗೆ ಕರೆದೊಯ್ಯಿರಿ. ಸರಿಯಾಗಿ ಓದಿದರೂ ಶಾಲೆಗೆ ಸೇರಿಸುವ ಮುಂಚೆ ಒಮ್ಮೆ ತೋರಿಸಿಬಿಡಿ.