ಉಳಿಯಬೇಕಾದರೆ ಮೊದಲಿಗರಾಗಿರಬೇಕೇ?

ಅಮೆರಿಕದ ಕನೆಕ್ಟಿಕಟ್ ರಾಜ್ಯದ ನ್ಯೂ ಹೇವನ್ ನಗರವನ್ನು ನಾನು ನೋಡಿಲ್ಲ. ಆದರೂ ಪಿಎಚ್‌ಡಿಗೆ ಸೇರಿದ ಎರಡನೇ ವರ್ಷದಿಂದ ಆ ಊರಿನ ನಕ್ಷೆ ನನ್ನ ಮೇಜಿನ ಮೇಲೇ ಇದೆ. ಪ್ರಜಾಪ್ರಭುತ್ವದಲ್ಲಿ ನಿಜಕ್ಕೂ ಆಳುವವರು ಯಾರು ಎಂಬ ಪ್ರಶ್ನೆಗೆ ರಾಜ್ಯಶಾಸ್ತ್ರಜ್ಞ ರಾಬರ್ಟ್ ಡಾಲ್ ಉತ್ತರ ಹುಡುಕಿದ್ದು ಅಲ್ಲಿ. 1961ರಲ್ಲಿ ಬಂದ ಅವರ ‘ಹೂ ಗವರ್ನ್ಸ್?’ ಪುಸ್ತಕದ ಒಂದು ದೊಡ್ಡ ಭಾಗ ಆ ನಗರವನ್ನು ಕೆಡವಿ ಕಟ್ಟಿದ ಕತೆಯೇ. ನಗರ ಯೋಜನೆಯ ನೈತಿಕತೆಯ ಬಗ್ಗೆ ಓದುವವರು ಇಂದಲ್ಲ ನಾಳೆ ಆ ಊರಿಗೆ ಹೋಗಲೇಬೇಕಾಗುತ್ತದೆ. ನಾನು ಡಾಲ್ ಹಿಂದೆ ಹೋದೆ. ಸಿಕ್ಕಿಹಾಕಿಕೊಂಡದ್ದು ಮಾತ್ರ ಒಂದು ಹ್ಯಾಂಬರ್ಗರ್ ಅಂಗಡಿಯಲ್ಲಿ.

ಅದರ ಹೆಸರು ಲೂಯೀಸ್ ಲಂಚ್. ಡೆನ್ಮಾರ್ಕಿನಿಂದ ವಲಸೆ ಬಂದ ಲೂಯಿ ಲ್ಯಾಸೆನ್ 1895ರಲ್ಲಿ ಒಂದು ಗಾಡಿಯಲ್ಲಿ ಶುರುಮಾಡಿದ ಊಟದ ಅಂಗಡಿ ಅದು. ಮನೆಯವರು ಹೇಳಿಕೊಂಡು ಬಂದ ಕತೆ ಹೀಗಿದೆ: 1900ರಲ್ಲಿ ಒಬ್ಬ ಗಿರಾಕಿ ಓಡೋಡಿ ಬಂದು, ಕೈಯಲ್ಲಿ ಹಿಡಿದುಕೊಂಡು ಹೋಗುವಂಥದ್ದು ಏನಾದರೂ ಬೇಗ ಕೊಡು ಅಂದ. ಲೂಯಿ ಕೊಚ್ಚಿದ ದನದ ಮಾಂಸವನ್ನು ಸುಟ್ಟು, ಎರಡು ಬ್ರೆಡ್ ತುಂಡುಗಳ ನಡುವೆ ಇಟ್ಟುಕೊಟ್ಟ. ಅದೇ ಮೊದಲ ಹ್ಯಾಂಬರ್ಗರ್ ಎಂಬುದು ಮನೆತನದ ಮಾತು. ನಾಲ್ಕನೇ ತಲೆಮಾರೂ ಅದೇ ಮಾತು ಹೇಳುತ್ತಾ ಅದೇ ಕೆಲಸ ಮಾಡಿಕೊಂಡು ಬಂದಿದೆ.

ಅಲ್ಲಿ ಈಗಲೂ ಬನ್ನಿಲ್ಲ, ಸುಟ್ಟ ಬಿಳಿ ಬ್ರೆಡ್ಡೇ. ಜೊತೆಗೆ ಬೇಕಾದರೆ ಚೀಸು, ಟೊಮೆಟೊ, ಈರುಳ್ಳಿ. ಕೆಚಪ್ ಕೇಳಿದರೆ ಸಿಗುವುದಿಲ್ಲ. ಸಾಸಿವೆ, ಮೇಯನೇಸ್ ಕೂಡ ಇಲ್ಲ. ಮಾಂಸ ಬೇಯುವುದು ಎರಕದ ಕಬ್ಬಿಣದ ಹಳೆಯ ಗ್ಯಾಸ್ ಒಲೆಗಳಲ್ಲಿ. ತಂತಿಯ ಎರಡು ಜಾಲರಿಗಳ ನಡುವೆ ಮಾಂಸವನ್ನು ಸಿಕ್ಕಿಸಿ ಒಲೆಯೊಳಗೆ ನೆಟ್ಟಗೆ ನಿಲ್ಲಿಸುತ್ತಾರೆ. ಎರಡೂ ಬದಿ ಒಟ್ಟಿಗೇ ಬೇಯುತ್ತದೆ, ಕೊಬ್ಬು ಕೆಳಗೆ ಸುರಿದುಹೋಗುತ್ತದೆ. ಏನೂ ಬದಲಾಗಿಲ್ಲ ಎಂದು ಹೇಳುವುದು ಸುಲಭ. ಆದರೆ ಒಲೆ 1898ರದು, ಬ್ರೆಡ್ ಸುಡುವ ಯಂತ್ರ 1929ರದು, ಜಾಲರಿಯ ಪೇಟೆಂಟ್ 1939ರದು. 1900ರ ರುಚಿ ಎನ್ನುವುದರಲ್ಲಿ ನಾಲ್ಕು ದಶಕಗಳ ಜೋಡಣೆಯಿದೆ. ಇದನ್ನು ದೂರಾಗಿ ಹೇಳುತ್ತಿಲ್ಲ. ಮುತ್ತಜ್ಜಿಯ ಕಾಲದ ಸಾರು ಎಂದು ನಾವು ಉಣ್ಣುವುದೂ ಮಿಕ್ಸಿಯಲ್ಲಿ ರುಬ್ಬಿದ್ದೇ ತಾನೆ?

ಪ್ರಶ್ನೆ ಏಳುವುದು ‘ಮೊದಲು’ ಎಂಬ ಮಾತಿನಲ್ಲಿ. ವಿಸ್ಕಾನ್ಸಿನ್ ರಾಜ್ಯದ ಸೇಮೂರ್ ಎಂಬ ಊರಿನವರು, ನಮ್ಮ ಚಾರ್ಲಿ ನಾಗ್ರೀನ್ 1885ರಲ್ಲೇ ಜಾತ್ರೆಯಲ್ಲಿ ಮಾರಿದ್ದ ಎನ್ನುತ್ತಾರೆ. ನ್ಯೂಯಾರ್ಕ್ ರಾಜ್ಯದ ಹ್ಯಾಂಬರ್ಗ್ ಊರಿನ ಜಾತ್ರೆಯಲ್ಲಿ ಅದೇ ವರ್ಷ ಮೆಂಚಿಸ್ ಸೋದರರು ಮಾಡಿದರು ಎಂಬ ವಾದವೂ ಇದೆ. ಟೆಕ್ಸಾಸ್‌ನ ಅಥೆನ್ಸ್ ಊರಿಗೆ ಫ್ಲೆಚರ್ ಡೇವಿಸ್ ಇದ್ದಾನೆ. ಈ ಜಗಳ 2007ರಲ್ಲಿ ಆ ರಾಜ್ಯದ ಶಾಸನಸಭೆಯವರೆಗೂ ಹೋಯಿತು. ಯಾರ ಬಳಿಯೂ ಆ ದಿನದ ಕಾಗದವಿಲ್ಲ. ಇತ್ತ 1890ರ ದಶಕದ ಅಮೆರಿಕನ್ ಪತ್ರಿಕೆಗಳಲ್ಲೇ ಹ್ಯಾಂಬರ್ಗರ್ ಸ್ಯಾಂಡ್‌ವಿಚ್ಚಿನ ಪ್ರಸ್ತಾಪಗಳು ಸಿಗುತ್ತವೆ, ಅದೂ ಎಲ್ಲರಿಗೂ ಗೊತ್ತಿರುವ ತಿಂಡಿಯೆಂಬ ಧಾಟಿಯಲ್ಲಿ. ಕಾರ್ಖಾನೆಯ ಬಾಗಿಲಲ್ಲಿ ಗಾಡಿ ನಿಲ್ಲಿಸಿಕೊಂಡ ಯಾರೋ, ತಟ್ಟೆ ತೊಳೆಯುವ ಕೆಲಸ ತಪ್ಪಲಿ ಎಂದು ಮಾಂಸವನ್ನು ಬ್ರೆಡ್ಡಿನೊಳಗೆ ಇಟ್ಟಿರಬೇಕು. ಹಾಗೆ ಇಟ್ಟವರು ಒಬ್ಬರೇ ಇರಲಾರರು, ಇಟ್ಟವರಿಗೆ ಅದೊಂದು ಸಂಶೋಧನೆ ಅನ್ನಿಸಿಯೂ ಇರಲಾರದು.

ಅಮೆರಿಕದ ಲೈಬ್ರರಿ ಆಫ್ ಕಾಂಗ್ರೆಸ್ ಈ ಅಂಗಡಿಯನ್ನು ಒಪ್ಪಿಕೊಂಡಿದೆ ಎಂದು ಎಷ್ಟೋ ಕಡೆ ಬರೆದಿರುತ್ತಾರೆ. ಹಿನ್ನೆಲೆ ಇಷ್ಟು: 2000ದಲ್ಲಿ ಆ ಗ್ರಂಥಾಲಯಕ್ಕೆ ಇನ್ನೂರು ವರ್ಷ ತುಂಬಿದಾಗ, ಸಂಸದರು ತಂತಮ್ಮ ಕ್ಷೇತ್ರದ ಸ್ಥಳೀಯ ಪರಂಪರೆಗಳ ವಿವರ ಕಳಿಸುವ ಯೋಜನೆಯೊಂದಿತ್ತು. ನ್ಯೂ ಹೇವನ್ನಿನ ಸಂಸದೆ ರೋಸಾ ಡಿಲಾರೊ ಅವರ ಮೂಲಕ ಲೂಯೀಸ್ ಲಂಚ್ ಹೋಯಿತು, ಸೇರಿಕೊಂಡಿತು. ಅರ್ಜಿ ಕಡತಕ್ಕೆ ಸೇರುವುದಕ್ಕೂ ಅರ್ಜಿಯೊಳಗಿನ ಮಾತು ಸತ್ಯ ಎಂದು ಸಾಬೀತಾಗುವುದಕ್ಕೂ ಅಜಗಜಾಂತರ. ತಾಲೂಕು ಕಚೇರಿಯಲ್ಲಿ ಒಂದು ಸಲ ಸಾಲು ನಿಂತವರಿಗೂ ಇದು ಗೊತ್ತು. ಆದರೂ ದೊಡ್ಡ ಕಟ್ಟಡದ ಹೆಸರು ಬಂದೊಡನೆ ನಾವು ಪ್ರಶ್ನೆ ನಿಲ್ಲಿಸಿಬಿಡುತ್ತೇವೆ.

ಇರಲಿ, ಒಂದು ಮನೆತನ ತನ್ನ ಅಜ್ಜನ ಬಗ್ಗೆ ಒಂದು ಕತೆ ಹೇಳಿಕೊಂಡರೆ ಯಾರ ಗಂಟು ಹೋಗುತ್ತದೆ? ನಾನೂ ಹಾಗೇ ಅಂದುಕೊಂಡು ಪುಟ ತಿರುಗಿಸಬಹುದಿತ್ತು. ಬಿಡಲಾಗದಂತೆ ಮಾಡಿದ್ದು 1975.

ಗಾಡಿಯಿಂದ ಇಟ್ಟಿಗೆಯ ಒಂದು ಪುಟ್ಟ ಕಟ್ಟಡಕ್ಕೆ ಬಂದಿದ್ದ ಅಂಗಡಿ ಇದ್ದ ಜಾಗ ಬಹುಮಹಡಿ ಕಟ್ಟಡಕ್ಕೆ ಬೇಕಾಯಿತು. ಆಗ ನಡೆಸುತ್ತಿದ್ದ ಮೊಮ್ಮಗ ಕೆನ್ ಲ್ಯಾಸೆನ್ ಒಪ್ಪಲಿಲ್ಲ. ಎಳೆದಾಟ ನಡೆದು, ಕಡೆಗೆ ಆ ವರ್ಷದ ಜುಲೈನಲ್ಲಿ ಕಟ್ಟಡವನ್ನೇ ಬುಡದಿಂದ ಎತ್ತಿ, ಗಾಲಿಗಳ ಮೇಲೆ ಸಾಗಿಸಿ ಕ್ರೌನ್ ಸ್ಟ್ರೀಟಿನಲ್ಲಿ ಇಟ್ಟರು. ಗಿರಾಕಿಗಳು ಎಲ್ಲೆಲ್ಲಿಂದಲೋ ಇಟ್ಟಿಗೆ ತಂದುಕೊಟ್ಟರು, ಅವು ಹೊಸ ಜಾಗದ ಗೋಡೆಗೆ ಸೇರಿದವು. ತತ್ತ್ವಶಾಸ್ತ್ರ ಓದಿದವರು ಇಲ್ಲಿ ಥೀಸಿಯಸ್ಸನ ಹಡಗನ್ನೋ, ಮಿಲಿಂದ ರಾಜನಿಗೆ ಭಿಕ್ಷು ನಾಗಸೇನ ತೋರಿಸಿದ ರಥವನ್ನೋ ತರುತ್ತಾರೆ: ಬಿಡಿಭಾಗಗಳು ಬದಲಾದ ಮೇಲೂ ಅದು ಅದೇ ವಸ್ತುವೇ? ತರಗತಿಗೆ ಒಳ್ಳೆಯ ಪ್ರಶ್ನೆ. ಆದರೆ ಅದನ್ನು ಕೇಳಲು ವಸ್ತು ಉಳಿದಿರಬೇಕಲ್ಲ.

ಇಲ್ಲಿಂದ ನಡೆದು ಹೋಗುವಷ್ಟು ದೂರದಲ್ಲೇ ಓಕ್ ಸ್ಟ್ರೀಟ್ ಎಂಬ ಪೇಟೆ ಇತ್ತು. ಯಹೂದಿಗಳು, ಇಟಾಲಿಯನ್ನರು, ಕಪ್ಪು ಜನ ಒತ್ತೊತ್ತಾಗಿ ಬದುಕಿದ್ದ ಜಾಗ. ರಿಚರ್ಡ್ ಲೀ 1954ರಿಂದ 1970ರವರೆಗೆ ಮೇಯರ್ ಆಗಿದ್ದ ಕಾಲದಲ್ಲಿ ನ್ಯೂ ಹೇವನ್ ‘ಮಾದರಿ ನಗರ’ ಎಂದು ಹೆಸರಾಗಿತ್ತು, ನವೀಕರಣಕ್ಕೆ ಕೇಂದ್ರ ಸರ್ಕಾರದ ಹಣ ಹರಿದುಬಂದಿತ್ತು. ಹೆದ್ದಾರಿಯನ್ನು ಪಟ್ಟಣದ ನಡುವಿಗೆ ತರಲು 1950ರ ದಶಕದ ಕೊನೆಯಲ್ಲಿ ಓಕ್ ಸ್ಟ್ರೀಟನ್ನು ನೆಲಸಮ ಮಾಡಿದರು. 800ಕ್ಕೂ ಹೆಚ್ಚು ಕುಟುಂಬಗಳು, 300ಕ್ಕೂ ಹೆಚ್ಚು ಅಂಗಡಿ-ವ್ಯಾಪಾರಗಳು ಎದ್ದುಹೋದವು. ಅಲ್ಲಿನ ಎಷ್ಟೋ ಮನೆಗಳು ಬಾಳಲು ಯೋಗ್ಯವಾಗಿರಲಿಲ್ಲ ಎಂಬುದನ್ನು ಮುಚ್ಚಿಡಬಾರದು. ಹಾಗಿದ್ದರೂ ಬಹುದೂರ ಹೋಗಬೇಕಿದ್ದ ಆ ರಸ್ತೆ ಒಂದು ಮೈಲಿಯ ಆಸುಪಾಸಿನಲ್ಲೇ ನಿಂತುಹೋಯಿತು. ಅದನ್ನೇ ಈ ಶತಮಾನದಲ್ಲಿ ಅಗೆದು, ಮುಚ್ಚಿ, ಮತ್ತೆ ಬೀದಿಗಳನ್ನು ಜೋಡಿಸುವ ಕೆಲಸ ನಡೆದಿದೆ.

ಎರಡನ್ನೂ ಅಕ್ಕಪಕ್ಕ ಇಟ್ಟರೆ ನನಗೆ ಕಸಿವಿಸಿಯಾಗುತ್ತದೆ. 1975ರ ಹೊತ್ತಿಗೆ ಕೆಡವುವ ಉತ್ಸಾಹ ಇಳಿದಿತ್ತು, ಹಳೆಯದರ ಮೇಲೆ ಜನರಿಗೆ ಪ್ರೀತಿ ಹುಟ್ಟಿತ್ತು. ಈ ವ್ಯತ್ಯಾಸ ನಿಜ. ಆದರೂ ‘ಮೊದಲ ಹ್ಯಾಂಬರ್ಗರ್’ ಎಂಬ ಮಾತಿಲ್ಲದಿದ್ದರೆ ಒಂದು ಸಾಧಾರಣ ಊಟದ ಅಂಗಡಿಗಾಗಿ ಗಾಲಿಗಳು ಬರುತ್ತಿದ್ದವೇ? ನನಗೆ ಅನುಮಾನ. ಓಕ್ ಸ್ಟ್ರೀಟಿನ ಕಟುಕ, ದರ್ಜಿ, ಬೇಕರಿಯವನಿಗೆ ಹೇಳಿಕೊಳ್ಳಲು ಅಂಥ ಕತೆ ಇರಲಿಲ್ಲ. ಅವರು ತಮ್ಮ ಬೀದಿಗೆ ಬೇಕಾಗಿದ್ದರು, ಅಷ್ಟೆ. ಆ ಅಷ್ಟನ್ನು ಬರೆಯಲು ಅರ್ಜಿಯಲ್ಲಿ ಕಾಲಂ ಇಲ್ಲ.

ಎಲ್ಲವನ್ನೂ ಉಳಿಸಲಾಗದು, ಯಾವುದೋ ಒಂದು ಅಳತೆಗೋಲು ಬೇಕು ಎಂದು ನನ್ನ ಮಾರ್ಗದರ್ಶಕರು ಹೇಳುತ್ತಾರೆ. ಒಪ್ಪುತ್ತೇನೆ. ನನ್ನ ತಕರಾರು ‘ಮೊದಲು’ ಎಂಬ ಅಳತೆಗೋಲಿನ ಬಗ್ಗೆ. ಅದು ಸಾಬೀತಾಗುವಂಥದ್ದಲ್ಲ, ಹಾಗಾಗಿ ಕತೆಯನ್ನು ಗಟ್ಟಿಯಾಗಿ, ತಲೆಮಾರುಗಳ ಕಾಲ, ಒಂದೇ ಬಾಯಲ್ಲಿ ಹೇಳಬಲ್ಲವರಿಗೆ ಅದು ಒಲಿಯುತ್ತದೆ. ಹಾಗೆ ಹೇಳಲು ಒಂದೇ ಜಾಗದಲ್ಲಿ ತಲೆಮಾರುಗಳ ಕಾಲ ಉಳಿಯಬೇಕು. ಎಬ್ಬಿಸಲ್ಪಟ್ಟವರಿಗೆ ಮೊದಲಿಗರಾಗುವ ಅವಕಾಶವೇ ತಪ್ಪಿಹೋಗುತ್ತದೆ. ಅವರ ಅಜ್ಜನೂ ಒಂದು ದಿನ ಅವಸರದ ಗಿರಾಕಿಗೆ ಏನನ್ನೋ ಬ್ರೆಡ್ಡಿನಲ್ಲಿ ಸುತ್ತಿಕೊಟ್ಟಿರಬಹುದು.

ಲ್ಯಾಸೆನ್ ಮನೆಯವರ ಮೇಲೆ ನನಗೆ ಸಿಟ್ಟಿಲ್ಲ. ಅವರು ತಮಗೆ ಕೇಳಿಸಿದ್ದನ್ನು ನಂಬಿದ್ದಾರೆ, ಬೇಡವೆಂದರೂ ಸಲೀಸಾಗಿ ಬನ್ನು, ಸಾಸು ಇಟ್ಟು ಇನ್ನಷ್ಟು ದುಡ್ಡು ಮಾಡಬಹುದಾಗಿದ್ದವರು ಹಳೆಯ ಒಲೆಯ ಮುಂದೆ ನಿಂತಿದ್ದಾರೆ. ಆ ಕಟ್ಟಡ ಉಳಿಯಲು ಆ ನಿಲ್ಲುವಿಕೆಯೇ ಸಾಕಾಗಬೇಕಿತ್ತು. ಹಾಗೆ ಸಾಕಾಗುವ ಊರಿನಲ್ಲಿ ಓಕ್ ಸ್ಟ್ರೀಟಿನ ಬೇಕರಿಯೂ ತನ್ನ ವಾದ ಮುಂದಿಡಬಹುದಿತ್ತು.

ಆ ಕಾಲದಲ್ಲಿ ಅಮೆರಿಕದ ನಗರಗಳ ಡೈರೆಕ್ಟರಿಗಳು ಅಚ್ಚಾಗುತ್ತಿದ್ದವು. ಬೀದಿವಾರು, ಮನೆ ನಂಬರಿನ ಪ್ರಕಾರ ಯಾರು ಇದ್ದಾರೆ, ಏನು ಮಾಡುತ್ತಾರೆ ಎಂಬ ಪಟ್ಟಿ. ನನ್ನ ಮುಂದಿನ ಅಧ್ಯಾಯಕ್ಕೆ ಅವನ್ನು ಓದಬೇಕಾಗಿದೆ. ಪ್ರತಿ ಹೆಸರಿಗೂ ಒಂದೇ ಗಾತ್ರದ ಅಕ್ಷರ, ಒಂದೊಂದೇ ಸಾಲು.